ಹೊಲ ಅಡವಿಟ್ಟು ಕಟ್ಟಿದ ಮನೆ

ಮನೆ ಕಟ್ಟಲು ಹೊಲ ಅಡ ಇಡುವುದು ಸರಿಯೆ? ಈ ಪ್ರಶ್ನೆಯನ್ನು ಬ್ಯಾಂಕಿನವರು ಕೇಳುವುದಿಲ್ಲ. ಅವರು ಕೇಳುವುದು ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಇಬ್ಬರು ಜಾಮೀನುದಾರರು. ಸರಿಯೋ ತಪ್ಪೋ ಎಂದು ಕೇಳಿಕೊಳ್ಳಬೇಕಾದವರು ನಾವು. ನಾವು ಅಂದರೆ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲ್ಲಿನ ಮುದ್ದೆ ಉಂಡು, ಮನೆತನಕ್ಕೇ ಮೊದಲ ಸಲ ಒಂದು ಡಿಗ್ರಿ ಸರ್ಟಿಫಿಕೇಟು ತಂದು ಟ್ರಂಕಿನಲ್ಲಿ ಇಟ್ಟವರು. ಆ ಸರ್ಟಿಫಿಕೇಟಿನಿಂದ ಕೆಲಸ ಸಿಕ್ಕಿತೋ ಇಲ್ಲವೋ, ಕೇರಿಯ ಅರ್ಜಿಗಳೆಲ್ಲ ನಮ್ಮ ಕೈಗೆ ಬಂದವು. ಸಾಲದ ಅರ್ಜಿಯಲ್ಲಿ ಭದ್ರತೆಯ ವಿವರ ಅಂತ ಒಂದು ಜಾಗ ಇರುತ್ತದಲ್ಲ, ಅಲ್ಲಿ ಅಪ್ಪಂದಿರ ಸರ್ವೆ ನಂಬರು ಬರೆಯುತ್ತಿರುವುದು ನಮ್ಮದೇ ಪೆನ್ನು. ಆದ್ದರಿಂದ ಈ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಹಳ್ಳಿಯ ಮೇಷ್ಟ್ರುಗಳೂ ತಪ್ಪಿಸಿಕೊಳ್ಳುವ ಹಾಗಿಲ್ಲ. ತಿಂಗಳ ಸಂಬಳದವರು ಎಂದು ಜಾಮೀನಿಗೆ ಮೊದಲು ಕರೆಯುವುದು ಅವರನ್ನೇ.

ಉಳ್ಳವರಿಗೆ ಇದು ಪ್ರಶ್ನೆಯೇ ಅಲ್ಲ. ಆಸ್ತಿ ಇರೋದೇ ಸಾಲ ಎತ್ತೋಕೆ, ಸಾಲ ಎತ್ತೋದೇ ಆಸ್ತಿ ಮಾಡೋಕೆ ಎನ್ನುವುದು ಅವರ ಲೆಕ್ಕ. ಈ ಲೆಕ್ಕಕ್ಕೆ ವಿದ್ವಾಂಸರ ಬೆಂಬಲವೂ ಉಂಟು. ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ 2000ದಲ್ಲಿ ಒಂದು ಪುಸ್ತಕ ಬರೆದು, ಬಡವರ ಹತ್ತಿರ ಆಸ್ತಿ ಇಲ್ಲದೆ ಇಲ್ಲ, ಇರುವ ಮನೆಗೂ ನೆಲಕ್ಕೂ ಕಾಗದ ಇಲ್ಲ, ಕಾಗದ ಇಲ್ಲದ್ದರಿಂದ ಅದು ಸತ್ತ ಬಂಡವಾಳವಾಗಿ ಬಿದ್ದಿದೆ ಎಂದರು. ಕಾಗದ ಕೊಟ್ಟರೆ ಸತ್ತದ್ದು ಎದ್ದು ಕೂರುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ಬಡತನ ಕರಗುತ್ತದೆ. ನಮ್ಮ ದೇಶದಲ್ಲೂ 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಶುರುವಾಯಿತು. ಊರ ಮೇಲೆ ಡ್ರೋನು ಹಾರಿಸಿ, ಜನವಸತಿಯನ್ನು ಅಳೆದು, ಮನೆಮನೆಗೆ ಒಂದು ಕಾರ್ಡು ಕೊಡುವುದು. ಆ ಕಾರ್ಡನ್ನು ಇಟ್ಟು ಸಾಲ ತೆಗೆಯಬಹುದು ಎಂಬುದು ಯೋಜನೆಯ ಉದ್ದೇಶಗಳಲ್ಲೇ ಬರೆದಿದೆ. ಕಾಗದ ಬೇಡ ಅನ್ನುವ ಮೂರ್ಖರು ನಾವಲ್ಲ. ಕಾಗದ ಇಲ್ಲದೆ ಎಷ್ಟು ಸಲ ಎಬ್ಬಿಸಿ ಓಡಿಸಿದ್ದಾರೆ ಎಂಬುದು ನಮ್ಮ ಹಟ್ಟಿಗಳಿಗೆ ಗೊತ್ತು. ಆದರೆ ಡ್ರೋನಿಗೆ ಕಾಣದ ಒಂದು ಗೆರೆ ಪ್ರತಿ ಹಳ್ಳಿಯಲ್ಲೂ ಇದೆ. ಊರಿಗೂ ಕೇರಿಗೂ ನಡುವಿನ ಗೆರೆ ಅದು.

ಅಡಮಾನ ಅಂದರೆ ಏನು ಎಂದು ಸ್ವಲ್ಪ ನಿಂತು ಯೋಚಿಸೋಣ. ಸಾಲ ಕೊಡುವವನು ಮನಸ್ಸಿನಲ್ಲಿ ಕೇಳಿಕೊಳ್ಳುವುದು ಒಂದೇ ಮಾತು: ಇವನು ಕಟ್ಟದೆ ಹೋದರೆ ಇದನ್ನು ನಾನು ಯಾರಿಗೆ ಮಾರಲಿ? ಅಡ ಇಟ್ಟ ವಸ್ತುವಿನ ಬೆಲೆ ಅದು ನಮಗೆ ಎಷ್ಟು ಬೇಕು ಎಂಬುದರಲ್ಲಿ ಇಲ್ಲ. ನಮ್ಮನ್ನು ಅಲ್ಲಿಂದ ಎಬ್ಬಿಸಿದ ಮೇಲೆ ಬೇರೆಯವರಿಗೆ ಎಷ್ಟು ಬೇಕು ಎಂಬುದರಲ್ಲಿ ಇದೆ. ಈಗ ಈ ಪ್ರಶ್ನೆಯನ್ನು ಕೇರಿಯ ಒಂದು ಮನೆಯ ಮುಂದೆ ನಿಂತು ಕೇಳಿ. ಗಟ್ಟಿ ಗೋಡೆ ಇದೆ, ಮೇಲೆ ಆರ್‌ಸಿಸಿ ಇದೆ, ಕರೆಂಟು ಇದೆ, ನಲ್ಲಿ ಇದೆ. ಮಾರಾಟಕ್ಕಿಟ್ಟರೆ ಯಾರು ಕೊಳ್ಳುತ್ತಾರೆ? ಊರೊಳಗಿನ ಹುಡುಗನೊಬ್ಬ ಮದುವೆಯಾಗಿ ಬೇರೆ ಸಂಸಾರ ಹೂಡಬೇಕೆಂದು ಮನೆ ಹುಡುಕುತ್ತಾ ನಮ್ಮ ಬೀದಿಗೆ ಬರುತ್ತಾನೆಯೆ? ಅರ್ಧ ಬೆಲೆಗೆ ಕೊಟ್ಟರೂ ಬರುವುದಿಲ್ಲ. ಪುಕ್ಕಟೆ ಕೊಟ್ಟರೂ ಬರುವುದಿಲ್ಲ. ಕೊಂಡರೆ ಕೇರಿಯವರೇ ಕೊಳ್ಳಬೇಕು, ಅವರ ಹತ್ತಿರ ದುಡ್ಡಿಲ್ಲ.

ನಮ್ಮ ಜೊತೆ ಓದಿದ ಗೆಳೆಯನೊಬ್ಬ ಅಪ್ಪನನ್ನು ಕರೆದುಕೊಂಡು ತಾಲ್ಲೂಕು ಕೇಂದ್ರದ ಒಂದು ಬ್ಯಾಂಕಿಗೆ ಹೋದ. ಪಂಚಾಯ್ತಿಗೆ ಅಲೆದು ಇ-ಸ್ವತ್ತಿನ ನಮೂನೆ 9, ನಮೂನೆ 11 ಎರಡನ್ನೂ ತೆಗೆಸಿಕೊಂಡಿದ್ದ. ಮ್ಯಾನೇಜರು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿಸಿದರು. "ಮನೆ ಎಲ್ಲಿ ಬರುತ್ತಪ್ಪ?" "ಎ.ಕೆ. ಕಾಲೋನಿ ಸಾರ್." ಮ್ಯಾನೇಜರು ಕಾಗದ ಮಡಿಚಿ ವಾಪಸ್ಸು ಕೊಟ್ಟರು. "ಅದಕ್ಕೆ ವ್ಯಾಲ್ಯುಯೇಷನ್ ಬರಲ್ಲ. ಜಮೀನಿದ್ರೆ ಪಹಣಿ ತಗೊಂಡ್ ಬನ್ನಿ, ನೋಡೋಣ."

ಆ ಮನುಷ್ಯ ಜಾತಿ ಎತ್ತಿ ಆಡಲಿಲ್ಲ. ಬೇರೆ ಲೋಟದಲ್ಲಿ ಕಾಫಿ ಕೊಡಲಿಲ್ಲ. ಅವರು ಹೇಳಿದ್ದು ಮಾರುಕಟ್ಟೆಯ ಸತ್ಯ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಮುಕ್ಕಾಲು ಶತಮಾನ ಕಳೆದಿದೆ. ಅದು ಈಗ ಮೌಲ್ಯಮಾಪನದ ವರದಿಯೊಳಗೆ ಸೊನ್ನೆಯಾಗಿ ಕೂತಿದೆ. ಯಾರ ಮೇಲೆ ಕೇಸು ಹಾಕುತ್ತೀರಿ?

ಆದರೆ ನಮ್ಮ ಹೊಲಕ್ಕೆ ಈ ಮೈಲಿಗೆ ಇಲ್ಲ. ಇದನ್ನು ಗಮನಿಸಬೇಕು. ನಮ್ಮ ಮನೆಯ ನೀರು ಕುಡಿಯದವರು ನಮ್ಮ ಹೊಲವನ್ನು ಕೊಳ್ಳಲು ಕ್ಯೂ ನಿಲ್ಲುತ್ತಾರೆ. ನಮ್ಮ ಅಪ್ಪಂದಿರು ಉತ್ತು ಬೆಳೆದ ರಾಗಿ ಯಾರ ಮನೆಯ ಕಣಜಕ್ಕೂ ಆಗುತ್ತದೆ, ಅದೇ ನೆಲ ಯಾರ ಹೆಸರಿನ ಪಹಣಿಗೂ ಆಗುತ್ತದೆ. ಊರು ಕೇರಿಯ ಮನೆಯನ್ನು ಮುಟ್ಟುವುದಿಲ್ಲ, ಕೇರಿಯವನ ಹೊಲವನ್ನು ಬಿಡುವುದಿಲ್ಲ. ಹಾಗಾಗಿ ಮನೆಗೆ ಸಾಲ ಬೇಕೆಂದಾಗ ಮನೆಯೇ ತನಗೆ ತಾನು ಆಧಾರವಾಗಿ ನಿಲ್ಲಲಾರದು; ಹೊಲವನ್ನು ಎಳೆದು ತರಬೇಕು. ಪಟ್ಟಣದಲ್ಲಿ ಸೈಟು ಕೊಳ್ಳುವವನು ಸೈಟನ್ನೇ ಅಡ ಇಡುತ್ತಾನೆ. ಅವನು ಸೋತರೆ ಸೈಟು ಹೋಗುತ್ತದೆ, ಸಂಬಳ ಉಳಿಯುತ್ತದೆ. ನಾವು ಸೋತರೆ ಮಲಗುವ ಜಾಗ ಉಳಿಯುತ್ತದೆ, ಉಣ್ಣುವ ಜಾಗ ಹೋಗುತ್ತದೆ.

ಈ ಹೊಲ ನಮಗೆ ಹೇಗೆ ಬಂತು? ನಮ್ಮ ಹಳೇ ಮೈಸೂರಿನ ಕಡೆ ಕೆಲವರದು ತೋಟಿ, ತಳವಾರಿಕೆ, ನೀರಗಂಟಿಕೆಯ ಇನಾಂತಿ ನೆಲ. ಸತ್ತ ದನ ಎಳೆದು, ತಮಟೆ ಬಡಿದು, ಸಾವಿನ ಸುದ್ದಿ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆದ ಚಾಕರಿಗೆ ಸಿಕ್ಕ ಕೂಲಿ ಅದು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಅರ್ಜಿ ಹಾಕಿ, ಕಂದಾಯ ಕಟ್ಟಿ, ಆ ನೆಲವನ್ನು ಹೆಸರಿಗೆ ಮಾಡಿಸಿಕೊಂಡರು. ಇನ್ನು ಕೆಲವರದು ದರಖಾಸ್ತು. ಗುಡ್ಡದ ಅಂಚಿನ ಕಲ್ಲುಭೂಮಿ, ಮುಳ್ಳು ಕಡಿದು, ಕಲ್ಲು ಆಯ್ದು, ಮೂರು ತಲೆಮಾರಿನ ಬೆವರು ಸುರಿದ ಮೇಲೆ ಹೊಲ ಅನ್ನಿಸಿಕೊಂಡದ್ದು. ಮತ್ತೆ ಕೆಲವರದು ಬಗರ್ ಹುಕುಂ. ನಮೂನೆ 50 ಹಾಕಿ, ಅದು ಹೋಗಿ 53 ಬಂದು, ಅದು ಹೋಗಿ 57 ಬಂದು, ಇನ್ನೂ ಸಾಗುವಳಿ ಚೀಟಿ ಕಾಣದವರೂ ಇದ್ದಾರೆ. ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿ ದೊಡ್ಡದು, ಅದನ್ನು ಸಣ್ಣದು ಮಾಡುವ ಮನಸ್ಸು ನಮಗಿಲ್ಲ. ಆದರೆ ಅದು ಗೇಣಿದಾರನಿಗೆ ನೆಲ ಕೊಟ್ಟಿತು. ಕೂಲಿಯವನು ಗೇಣಿದಾರನಾಗಿರಲಿಲ್ಲ, ನಮೂನೆ 7 ತುಂಬಲು ಅವನ ಹತ್ತಿರ ಏನೂ ಇರಲಿಲ್ಲ.

ಹೀಗೆ ಬಂದ ನೆಲ ಹೋದದ್ದೂ ಬೇಗ. ಮದುವೆಗೆ, ಕಾಯಿಲೆಗೆ, ತಿಥಿಗೆ, ಸೂರಿಗೆ. ಭೋಗ್ಯ ಎಂಬ ಒಂದು ಪದ್ಧತಿ ಹಳ್ಳಿಯವರಿಗೆಲ್ಲ ಗೊತ್ತು: ದುಡ್ಡು ಕೊಟ್ಟವನು ಹೊಲ ಉಳುತ್ತಾನೆ, ದುಡ್ಡು ತೀರುವವರೆಗೆ ಬೆಳೆ ಅವನದು. ಹೊಲ ಅವನ ಕೈಲಿರುವಾಗ ದುಡ್ಡು ಎಲ್ಲಿಂದ ತೀರುತ್ತದೆ? ಒಂದು ದಿನ ಭೋಗ್ಯದ ಮೇಲೆ ಇನ್ನಷ್ಟು ಕೊಟ್ಟು ಕ್ರಯ ಮಾಡಿಸಿಕೊಳ್ಳುತ್ತಾನೆ. ಇದನ್ನು ಕಂಡೇ 1978ರಲ್ಲಿ ಪರಿಶಿಷ್ಟರ ಮಂಜೂರು ಜಮೀನಿನ ಪರಭಾರೆ ತಡೆಯುವ ಕಾಯ್ದೆ ಬಂತು, ನಾವು ಪಿಟಿಸಿಎಲ್ ಅನ್ನುತ್ತೇವಲ್ಲ ಅದು. 1979ರ ಜನವರಿ 1ರಿಂದ ಜಾರಿ. ಸರ್ಕಾರದ ಅನುಮತಿ ಇಲ್ಲದೆ ಇಂಥ ನೆಲವನ್ನು ಮಾರುವ ಹಾಗಿಲ್ಲ. ಮಾರುವುದು ಅಂದರೆ ಕ್ರಯ ಮಾತ್ರ ಅಲ್ಲ, ಅಡಮಾನವೂ ಭೋಗ್ಯವೂ ಅದರೊಳಗೆ ಬರುತ್ತದೆ. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿ ಹಿಡಿಯಿತು. 2017ರಲ್ಲಿ ಅದೇ ಕೋರ್ಟು, ನೆಲ ವಾಪಸ್ಸು ಕೇಳುವವರು ಸಕಾಲದಲ್ಲಿ ಕೇಳಬೇಕು ಎಂದಿತು. ಓದು ಬಾರದ ಅಜ್ಜ ಹೆಬ್ಬೆಟ್ಟು ಒತ್ತಿದ್ದು ಓದಿದ ಮೊಮ್ಮಗನಿಗೆ ತಿಳಿಯುವಷ್ಟರಲ್ಲಿ ಸಕಾಲ ಮುಗಿದಿರುತ್ತದೆ. ಹೋರಾಟ ನಡೆದು 2023ರ ತಿದ್ದುಪಡಿ ಬಂದು ಆ ಕಾಲಮಿತಿಯನ್ನು ತೆಗೆಯಿತು.

ಇಲ್ಲಿ ನಮ್ಮವರೇ ಒಂದು ಮಾತು ಎತ್ತುತ್ತಾರೆ. ಅದನ್ನು ಸಭೆಯಲ್ಲಿ ಕೂಗಿ ಬಾಯಿ ಮುಚ್ಚಿಸುವುದು ಸುಲಭ, ಉತ್ತರ ಹೇಳುವುದು ಕಷ್ಟ. "ಗೌಡ್ರ ಮಗ ಎರಡೆಕರೆ ಬ್ಯಾಂಕಿಗಿಟ್ಟು ಮಹಡಿ ಮನೆ ಕಟ್ಟಿಸ್ದ, ಮಗಳನ್ನ ಇಂಜಿನಿಯರಿಂಗ್ ಓದಿಸ್ದ. ನಾವು ಇಡಕ್ಕೋದ್ರೆ ಗ್ರಾಂಟ್ ಜಮೀನು ಅಂತ ಕಾಗದ ಎಸೀತಾರೆ. ಕಾಪಾಡ್ತೀವಿ ಕಾಪಾಡ್ತೀವಿ ಅಂದ್ಕಂಡು ನಮ್ಮ ಆಸ್ತೀನ ಮೂರು ಕಾಸಿಗೆ ಬಾಳದಂಗೆ ಮಾಡಿದ್ದೀರಿ. ನಾವೇನು ಸಾಯೋಗಂಟ ಮೈನರ್‌ಗಳಾ?" ಹೀಗೆ ಕೇಳಿದವನು ದಲ್ಲಾಳಿಯಲ್ಲ, ಸಂಘಟನೆಯ ಬ್ಯಾನರು ಹಿಡಿದು ನಡೆದವನೇ.

ಮೊದಲು ಅವನ ಮಾತಿನಲ್ಲಿರುವ ಮಾನವನ್ನು ಒಪ್ಪಬೇಕು. ಮನೆ ಅನ್ನುವುದು ಕೇರಿಯಲ್ಲಿ ಬರೀ ಸೂರಲ್ಲ. ನಾವು ಹುಟ್ಟಿದ ಗುಡಿಸಲುಗಳ ಬಾಗಿಲು ಎಷ್ಟು ಗಿಡ್ಡ ಅಂದರೆ ಒಳಗೆ ಹೋಗಲೂ ಬಾಗಬೇಕು, ಹೊರಗೆ ಬರಲೂ ಬಾಗಬೇಕು. ಹೊರಗೆ ಬಂದ ಮೇಲೆ ಊರ ಮುಂದೆ ಬಾಗುವುದು ಬೇರೆ. ನಿಂತು ನಡೆಯುವ ಬಾಗಿಲು, ಕದ ಹಾಕಿಕೊಂಡು ಸ್ನಾನ ಮಾಡುವ ಜಾಗ, ಮಗು ಪುಸ್ತಕ ಹರಡಿಕೊಂಡು ಕೂರುವ ಮೂಲೆ, ಕಾಲೇಜಿನ ಗೆಳೆಯನನ್ನು ನಾಚಿಕೆಯಿಲ್ಲದೆ ಕರೆಯಬಹುದಾದ ಪಡಸಾಲೆ — ಇವನ್ನು ಬಯಸುವುದು ದುರಾಸೆ ಅಂತ ಹೇಳುವ ಬಾಯಿ ಉಳ್ಳವರದೇ ಆಗಿರಬೇಕು. ದಲಿತ ಮಹಡಿ ಕಟ್ಟಿದ ಎಂಬುದಕ್ಕೇ ಹೊಟ್ಟೆ ಉರಿದುಕೊಳ್ಳುವ ಊರುಗಳು ಈಗಲೂ ಇವೆ. ಅಂಥ ಕಡೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದೇ ಒಂದು ಬಂಡಾಯ.

ಆದರೂ ಅವನ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಗೌಡರು ಇಪ್ಪತ್ತು ಎಕರೆಯಲ್ಲಿ ಎರಡು ಎಕರೆ ಇಟ್ಟರು. ನಾವು ಇಡುವುದು ಎರಡು ಎಕರೆಯಲ್ಲಿ ಎರಡು ಎಕರೆ. ಕಾಗದದಲ್ಲಿ ಎರಡೂ ಒಂದೇ ಥರದ ಅಡಮಾನ, ಬಾಳಿನಲ್ಲಿ ಒಂದೇ ಅಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ, ಮೇಷ್ಟ್ರುಗಳು ತಿದ್ದಲಿ. ಮೂರು ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ಹತ್ತು ವರ್ಷದ ಅವಧಿ ಎಂದು ಇಟ್ಟುಕೊಳ್ಳಿ. ಮೊದಲ ವರ್ಷ ಬಡ್ಡಿಯೇ 36,000, ಅಸಲಿನಲ್ಲಿ ಹತ್ತನೇ ಒಂದು ಭಾಗ 30,000, ಒಟ್ಟು 66,000. ಎರಡು ಎಕರೆ ಖುಷ್ಕಿಯಲ್ಲಿ ಮಳೆ ಕೈಕೊಡದೆ ಎಕರೆಗೆ 8 ಕ್ವಿಂಟಾಲಿನ ಹಾಗೆ 16 ಕ್ವಿಂಟಾಲ್ ರಾಗಿ ಬಂತು ಅನ್ನಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಂದು ಕಾಳೂ ಮನೆಗೆ ಉಳಿಸದೆ ಎಲ್ಲವನ್ನೂ ಖರೀದಿ ಕೇಂದ್ರಕ್ಕೆ ಹಾಕಿದರೆ 78,176 ರೂಪಾಯಿ. ಬ್ಯಾಂಕಿಗೆ ಕಟ್ಟಿ ಉಳಿಯುವುದು 12,176. ಇದರಲ್ಲಿ ಬೀಜ, ಗೊಬ್ಬರ, ಉಳುಮೆಯ ಟ್ರ್ಯಾಕ್ಟರು, ಕೊಯ್ಲಿನ ಆಳು, ಒಕ್ಕಣೆ ಎಲ್ಲ ಆಗಬೇಕು, ಆಮೇಲೆ ವರ್ಷವಿಡೀ ಉಣ್ಣಬೇಕು. ಹೊಲ ಮನೆಯ ಸಾಲವನ್ನು ತೀರಿಸಲಾರದು. ಇದು ಬ್ಯಾಂಕಿಗೂ ಗೊತ್ತು. ಗೊತ್ತಿದ್ದೂ ಹೊಲವನ್ನು ಹಿಡಿಯುವುದು ಅದರ ಬೆಳೆ ನೋಡಿ ಅಲ್ಲ, ಅದರ ಬೆಲೆ ನೋಡಿ. ಬೆಂಗಳೂರಿನ ಸುತ್ತಮುತ್ತ ಹೊಲದ ಬೆಲೆಗೂ ರಾಗಿಗೂ ಸಂಬಂಧ ಕಡಿದು ಬಹಳ ಕಾಲವಾಯಿತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದ ಮೇಲಂತೂ ಕೊಳ್ಳುವವರ ಸಾಲು ದೊಡ್ಡದಾಯಿತು. ಅಡ ಇಟ್ಟ ನೆಲದ ಬೆಲೆ ಹೆಚ್ಚಾದಷ್ಟೂ ಇಟ್ಟವನಿಗೆ ಅಪಾಯ ಹೆಚ್ಚು.

ಹಾಗಾದರೆ ಕಂತು ಎಲ್ಲಿಂದ ಬರುತ್ತದೆ? ಮೈಯಿಂದ. ಗಂಡ ಹೆಂಡತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ, ಹನ್ನೆರಡನೇ ಅಂತಸ್ತಿಗೆ ಇಟ್ಟಿಗೆ ಹೊರುತ್ತಾರೆ. ಊರಲ್ಲಿ ಹೊಸ ಮನೆಗೆ ಬೀಗ, ಒಳಗೆ ಮುದುಕಿ, ಹೊಲ ಬೀಳು. ಮನೆಗೋಸ್ಕರ ಹೊಲ ಇಟ್ಟರು, ಹೊಲ ಉಳಿಸಲು ಮನೆ ಬಿಟ್ಟರು. ನಮ್ಮ ಕೇರಿಗಳಲ್ಲಿ ಇಂಥ ಬೀಗಗಳನ್ನು ಎಣಿಸಿ ನೋಡಿ.

ಇದು ನಮಗೆ ಹೊಸದೂ ಅಲ್ಲ. ನೆಲ ಇಲ್ಲದ ಕಾಲದಲ್ಲಿ ನಮ್ಮವರು ಮೈಯನ್ನೇ ಅಡ ಇಟ್ಟಿದ್ದರು. ಅಪ್ಪ ಮದುವೆಗೆ ತಂದ ಸಾಲಕ್ಕೆ ಮಗ ಜೀತ. ಜೀತದಾಳು ಅಂದರೆ ಏನು, ಬಡ್ಡಿಯ ಬದಲು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಅಡಮಾನದ ಆಸ್ತಿ. 1976ರ ಜೀತ ವಿಮುಕ್ತಿ ಕಾಯ್ದೆ ಆ ಸಾಲಗಳನ್ನು ಇಲ್ಲವಾಗಿಸಿ, ಮನುಷ್ಯನನ್ನು ಅಡ ಇಡುವ ಹಾಗಿಲ್ಲ ಎಂದಿತು. ಮೈ ಬದಲು ಹೊಲ ಇಡುವಂತಾದದ್ದು ಮುನ್ನಡೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಹೊಲದ ಹಿಂದೆ ಮೈ ಇನ್ನೂ ನಿಂತಿದೆ. ಈಗ ಹೊಲವೂ ಬೇಡ, ಮನೆಯೂ ಬೇಡ, ಹತ್ತು ಹೆಂಗಸರು ಗುಂಪು ಕಟ್ಟಿಕೊಳ್ಳಿ ಸಾಕು ಎನ್ನುವ ಮೈಕ್ರೋ ಫೈನಾನ್ಸಿನವರು ಬಂದಿದ್ದಾರೆ. ಅಡವಿಲ್ಲದ ಸಾಲ ಅಂತ ನಮ್ಮ ಹೆಂಗಸರು ಹೆಂಚು, ಸಿಮೆಂಟು, ಶೌಚಾಲಯಕ್ಕೆಲ್ಲ ಅದನ್ನೇ ತಂದರು. ವಾರದ ಕಂತು ತಪ್ಪಿದರೆ ಮನೆಯ ಮುಂದೆ ಬಂದು ಕೂರುವುದು, ಗುಂಪಿನ ಹೆಂಗಸರಿಂದಲೇ ಬಯ್ಯಿಸುವುದು. 2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಜಡಿದು ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಆ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಅಲ್ಲಿ ಅಡವಾಗಿದ್ದು ಏನು? ಮಾನ. ಅಡಮಾನ ಎಂಬ ಪದದಲ್ಲಿರುವ ಮಾನ ಅಳತೆಯ ಮಾನವೋ ಮರ್ಯಾದೆಯ ಮಾನವೋ, ನಿಘಂಟು ಪಂಡಿತರು ಜಗಳಾಡಿಕೊಳ್ಳಲಿ. ನಮ್ಮ ಹೆಂಗಸರಿಗೆ ಅದರ ಅರ್ಥ ಗೊತ್ತು.

ಪಹಣಿ ನೋಡಿದ್ದೀರಲ್ಲ. ಅದರ 11ನೇ ಕಾಲಂ ಹಕ್ಕುಗಳದ್ದು ಮತ್ತು ಋಣಗಳದ್ದು. ಸಾಲದ ವಿಷಯ ಅಲ್ಲಿ ಬರುತ್ತದೆ: ಇಂಥ ಬ್ಯಾಂಕಿಗೆ ಇಷ್ಟು ರೂಪಾಯಿಗೆ ಆಧಾರ. ಹಕ್ಕು, ಋಣ ಎರಡಕ್ಕೂ ಒಂದೇ ಜಾಗ. ಈ ಋಣ ಎಂಬ ಪದ ನಮ್ಮ ಮಟ್ಟಿಗೆ ಸಾಮಾನ್ಯ ಪದ ಅಲ್ಲ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಹೊತ್ತು ಹುಟ್ಟುತ್ತಾನೆ ಎಂದು ಶಾಸ್ತ್ರ ಹೇಳಿತು. ಅದು ದ್ವಿಜರ ಋಣ. ಯಜ್ಞ ಮಾಡಿ, ವೇದ ಓದಿ, ಗಂಡು ಹುಟ್ಟಿಸಿ ತೀರಿಸಿಕೊಳ್ಳಬಹುದಾದದ್ದು. ನಮಗೆ ಹೇಳಿದ ಋಣ ಬೇರೆ: ಧಣಿಯ ಅನ್ನದ ಋಣ. ಅದಕ್ಕೆ ತೀರುವಳಿ ಇಲ್ಲ. ಗೌಡರ ಮನೆಯ ತಂಗಳು ಉಂಡವರು ತಲೆಮಾರುಗಟ್ಟಲೆ ಋಣದಲ್ಲಿದ್ದೇವೆ ಎಂದುಕೊಂಡು ದುಡಿದರು. ಆ ಅನ್ನ ಬೆಳೆದವರು ತಾವೇ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಹೊಲ ಬಂದಾಗ ಮೊದಲ ಸಲ ಯಾರ ಋಣವೂ ಇಲ್ಲದ ಅನ್ನ ಉಂಡೆವು. ಆದ್ದರಿಂದಲೇ ಆ ಹೊಲದ ಕಾಲಂನಲ್ಲಿ ಮತ್ತೆ ಋಣ ಬಂದು ಕೂರುವುದನ್ನು ನಾವು ಬರೀ ವ್ಯವಹಾರ ಎಂದು ನೋಡಲಾರೆವು.

ಇನ್ನೊಂದು ಪ್ರಶ್ನೆ: ಅಡ ಇಡುವ ಹೊಲ ಯಾರದು? 9ನೇ ಕಾಲಂನಲ್ಲಿ ಬಹುತೇಕ ಗಂಡಸಿನ ಹೆಸರು. ಕಳೆ ಕಿತ್ತವಳು, ತೆನೆ ಕೊಯ್ದವಳು, ಕಲ್ಲು ಆಯ್ದವಳು ಅಲ್ಲಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಮನೆ ಕಟ್ಟುವಾಗ ಅವರನ್ನು ಕೇಳುವವರು ಕಡಿಮೆ, ಬ್ಯಾಂಕು ಕೇಳಿತು ಎಂದು ಸಹಿಗೆ ಕರೆಯುತ್ತಾರೆ ಅಷ್ಟೇ. ನಮ್ಮ ಪರಿಚಯದ ಒಂದು ಮನೆಯಲ್ಲಿ ಅವ್ವ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. "ಸೋರುದ್ರೆ ಸೋರ್ಲಿ ಬುಡು ಮಗ. ಸೋರೋ ತಾವ ಪಾತ್ರೆ ಮಡಗಬೋದು. ಹೊಲ ಹೋದ್ರೆ ಪಾತ್ರೆಗೆ ಏನ್ ಹಾಕೀಯೆ?" ಸುಮ್ಮನೆ ಕೇಳುತ್ತಿದ್ದ ಸೊಸೆ ಹೇಳಿದಳು, "ಅತ್ತೆ ಹಂಗೇ ಅಂತಾರೆ. ಕತ್ತಲಾಗೋಗಂಟ ಕಾಯ್ಕಂಡು ಬಯಲಿಗೆ ಹೋಗೋಳು ನಾನು." ಇಬ್ಬರ ಮಾತೂ ನಿಜ. ತತ್ವಶಾಸ್ತ್ರದ ಪುಸ್ತಕಗಳಲ್ಲಿ ನಾವು ಓದಿದ ಧರ್ಮಸಂಕಟಗಳು ಇದರ ಮುಂದೆ ಸಪ್ಪೆ. ಹೊಟ್ಟೆಯೋ ಮಾನವೋ ಎಂದು ಆರಿಸಿಕೊಳ್ಳಬೇಕಾದ ಜಾಗದಲ್ಲಿ ಒಂದು ಮನೆತನವನ್ನು ನಿಲ್ಲಿಸಿದ್ದೇ ಅನ್ಯಾಯ. ಅವರು ಯಾವುದನ್ನು ಆರಿಸಿಕೊಂಡರೂ ತಪ್ಪು ಅವರದಲ್ಲ.

ಕಾನೂನಿಗೆ ಈ ವಿವೇಕ ಒಂದು ಕಾಲದಲ್ಲಿ ಸ್ವಲ್ಪ ಇತ್ತು. ಭೂನ್ಯಾಯ ಮಂಡಳಿಯಿಂದ ಬಂದ ನೆಲವನ್ನು 15 ವರ್ಷ ಪರಭಾರೆ ಮಾಡುವ ಹಾಗಿಲ್ಲ ಎಂದು ಭೂಸುಧಾರಣೆ ಕಾಯ್ದೆಯ 61ನೇ ಕಲಮು ಹೇಳುತ್ತದೆ. ಜಮೀನಿನ ಅಭಿವೃದ್ಧಿಗೆ, ಬೇಸಾಯದ ಸುಧಾರಣೆಗೆ ಎಂದು ಬ್ಯಾಂಕಿಗೋ ಸೊಸೈಟಿಗೋ ಅಡ ಇಡಬಹುದು. ನೆಲದ ಮೇಲಿನ ಸಾಲ ನೆಲಕ್ಕೇ ಹೋಗಬೇಕು. ಬಾವಿ ತೋಡಿದರೆ ಬಾವಿಯ ನೀರು ಸಾಲ ತೀರಿಸೀತು. ಸೂರು ಏನನ್ನೂ ಬೆಳೆಯುವುದಿಲ್ಲ. 2002ರ ಸರ್ಫೇಸಿ ಕಾಯ್ದೆ ಕೋರ್ಟಿಗೆ ಹೋಗದೆಯೇ ಅಡದ ಆಸ್ತಿ ವಶ ಮಾಡಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿತು. ಅದೂ ಕೂಡ 31ನೇ ಕಲಮಿನಲ್ಲಿ ಕೃಷಿ ಜಮೀನನ್ನು ಹೊರಗಿಟ್ಟಿದೆ. ಆದರೆ ಕೋರ್ಟಿನ ದಾರಿ ಇದ್ದೇ ಇದೆ. ಸಾಲದ್ದಕ್ಕೆ ಗೃಹಸಾಲ ಕೊಡುವವರು ಮೊದಲು ಭೂಪರಿವರ್ತನೆ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಪರಿವರ್ತನೆಯ ಆದೇಶ ಬಂದ ದಿನ ಹೊಲ ಹೊಲವಲ್ಲ, ಆ ಬೇಲಿಯೂ ಇಲ್ಲ. ಗೃಹಪ್ರವೇಶದ ಊಟಕ್ಕೆ ಕರೆಯುವವರು ಇದನ್ನು ಹೇಳುವುದಿಲ್ಲ. ಭಾಷೆ ಮಾಡುವ ಕೆಲಸ ನೋಡಿ: ಮೊದಲು ಭೂ ಅಡಮಾನ ಬ್ಯಾಂಕು ಅನ್ನುತ್ತಿದ್ದುದು ಆಮೇಲೆ ಭೂ ಅಭಿವೃದ್ಧಿ ಬ್ಯಾಂಕಾಯಿತು, ಈಗ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕು. ಅಡಮಾನ ಹಾಗೇ ಇದೆ, ಬೋರ್ಡಿನಲ್ಲಿ ಮಾತ್ರ ಇಲ್ಲ.

ಅಂಬೇಡ್ಕರ್ 1947ರಲ್ಲಿ ಸಂವಿಧಾನ ಸಭೆಗೆಂದು ಬರೆದ ಟಿಪ್ಪಣಿಯಲ್ಲಿ ಕೃಷಿಭೂಮಿಯನ್ನೆಲ್ಲ ಸರ್ಕಾರ ತೆಗೆದುಕೊಂಡು, ಜಾತಿ ಮತ ನೋಡದೆ ಹಳ್ಳಿಯ ಕುಟುಂಬಗಳಿಗೆ ಸಾಮೂಹಿಕ ಬೇಸಾಯಕ್ಕೆ ಕೊಡಬೇಕು, ನೀರು, ಬೀಜ, ಗೊಬ್ಬರ, ಎತ್ತು ಎಲ್ಲ ಸರ್ಕಾರವೇ ಒದಗಿಸಬೇಕು ಎಂದಿದ್ದರು. ಅಲ್ಲಿ ಭೂಮಾಲೀಕನೂ ಇಲ್ಲ, ಗೇಣಿದಾರನೂ ಇಲ್ಲ, ಭೂಹೀನ ಕೂಲಿಯೂ ಇಲ್ಲ. ಅಂಥ ನೆಲವನ್ನು ಯಾರೂ ಅಡ ಇಡಲಾರರು. ಅದೇ ಟಿಪ್ಪಣಿಯಲ್ಲಿ ಪರಿಶಿಷ್ಟರಿಗೆ ಪ್ರತ್ಯೇಕ ಹಳ್ಳಿಗಳನ್ನೂ ಕೇಳಿದ್ದರು. ನೆಲ ಮತ್ತು ನೆಲೆ ಎರಡನ್ನೂ ಒಟ್ಟಿಗೆ ಕೇಳಿದವರು ಅವರು. ನಮಗೆ ಸಿಕ್ಕಿದ್ದು ಎರಡರಲ್ಲೂ ಚೂರು ಚೂರು, ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬೇಕಾದ ಸ್ಥಿತಿ.

2016ರಿಂದ ನಡೆದಿರುವ ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಒಂದು ಮನೆಗೆ ನಿಗದಿಯಾದದ್ದು 1,20,000 ರೂಪಾಯಿ, ಬೇಕಾದವರಿಗೆ 70,000ದವರೆಗೆ ಸಾಲ. ಆ ದುಡ್ಡಿನಲ್ಲಿ ತಳಪಾಯ, ಗೋಡೆ ಏಳುತ್ತವೆ, ತಾರಸಿ ಹಾಕುವಷ್ಟರಲ್ಲಿ ಮುಗಿದಿರುತ್ತದೆ. ಸೂರಿಲ್ಲದ ಗೋಡೆಗಳು ಮಳೆಗೆ ನೆನೆಯುತ್ತಿರುವಾಗ ಯಾವ ಅಪ್ಪನಾದರೂ ಪಹಣಿ ಹಿಡಿದು ಓಡುತ್ತಾನೆ. ಸರ್ಕಾರದ ಅರ್ಧ ಮನೆಯೇ ಹೊಲವನ್ನು ಅಡಕ್ಕೆ ತಳ್ಳುತ್ತಿದೆ.

ನಮ್ಮ ಮಾತು ಇಷ್ಟು. ಕೇರಿಯ ಮನೆಗೆ ಬೆಲೆ ಬಾರದಿರುವುದು ಇಟ್ಟಿಗೆಯ ತಪ್ಪಲ್ಲ, ಕಟ್ಟಿದವನ ತಪ್ಪಲ್ಲ. ಅಸ್ಪೃಶ್ಯತೆಯನ್ನು ಅಳಿಸುತ್ತೇನೆಂದು ಬರೆದುಕೊಟ್ಟ ಪ್ರಭುತ್ವ ಅಳಿಸಲಿಲ್ಲ. ಆ ಕೊರತೆಯೇ ಮೌಲ್ಯಮಾಪನದ ಸೊನ್ನೆ. ಹಾಗಿದ್ದ ಮೇಲೆ ಆ ಸೊನ್ನೆಯನ್ನು ತುಂಬಬೇಕಾದದ್ದು ನಮ್ಮ ಹೊಲ ಅಲ್ಲ, ಪ್ರಭುತ್ವದ ಖಜಾನೆ. ಕೇರಿಯ ಮನೆಯನ್ನೇ ಆಧಾರವಾಗಿ ಹಿಡಿದು ಸಾಲ ಕೊಡಲಿ, ಬೆಲೆ ಸಾಲದಷ್ಟಕ್ಕೆ ಸರ್ಕಾರವೇ ಜಾಮೀನು ನಿಲ್ಲಲಿ. ಯೋಜನೆಯ ಮನೆ ಕೊಡುವುದಾದರೆ ಪೂರ್ತಿ ಮನೆ ಕೊಡಲಿ. ಉದ್ಯಮಿಗಳ ಸಾಲಕ್ಕೆ ಜಾಮೀನು ನಿಲ್ಲುವ ಸರ್ಕಾರಕ್ಕೆ ಇದು ಭಾರವಲ್ಲ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವ ದಿನ ಈ ಮಾತನ್ನು ನಿರ್ಣಯವಾಗಿ ಬರೆಸಬಹುದು. ಬರೆದುಕೊಳ್ಳದಿದ್ದರೆ ಬರೆದುಕೊಳ್ಳುವವರೆಗೆ ಕೂರಬಹುದು. ಅಲ್ಲಿಯವರೆಗೆ ಸಾಲದ ಅರ್ಜಿ ತುಂಬಿಕೊಡಿ ಎಂದು ಬಂದವರಿಗೆ ನಾವು ತುಂಬಿಕೊಡುವುದಿಲ್ಲ ಎನ್ನಲಾರೆವು. ಪಹಣಿಯನ್ನು ಮನೆಯ ಹೆಂಗಸರೂ ಕೂತಿರುವಾಗ ಗಟ್ಟಿಯಾಗಿ ಓದಿ, ಮೇಲಿನ ಲೆಕ್ಕವನ್ನು ಅವರ ಎಕರೆಗೆ, ಅವರ ಬಡ್ಡಿಗೆ ಹಾಕಿ ತೋರಿಸಿ, ಆಮೇಲೆ ಪೆನ್ನು ತೆಗೆಯುತ್ತೇವೆ.

ಈಗಾಗಲೇ ಇಟ್ಟವರ ಮಾತು ಬೇರೆ. ಅವರಿಗೆ ಉಪದೇಶ ಬೇಡ. ಸಾಲ ತೀರಿಸಿ ವರ್ಷಗಳಾದರೂ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವ ಪಹಣಿಗಳು ಕೇರಿಗಳಲ್ಲಿ ಇವೆ. ತೀರುವಳಿ ಪತ್ರ ತಂದು ಋಣ ಕಡಿಮೆ ಮಾಡಿಸಬೇಕು ಎಂಬುದು ಅವರಿಗೆ ಯಾರೂ ಹೇಳಿಲ್ಲ. ಈ ಏಪ್ರಿಲ್, ಮೇ ತಿಂಗಳಲ್ಲಿ ಮೇಷ್ಟ್ರುಗಳಿಗೂ ಹಾಸ್ಟೆಲ್ ಹುಡುಗರಿಗೂ ರಜೆ ಇರುತ್ತದೆ. ಕೇರಿಗೆ ನಾಲ್ಕು ಜನರಾದರೂ ಕೂತು, ಟ್ರಂಕಿನ ತಳದಿಂದ ರಸೀದಿಗಳನ್ನು ತೆಗೆಸಿ, ಒಂದೊಂದೇ ಸರ್ವೆ ನಂಬರಿಗೆ ಜೋಡಿಸಿ, ನಾಡಕಚೇರಿಗೆ ಅರ್ಜಿ ಬರೆಯುವ ಕೆಲಸ ಬಾಕಿ ಇದೆ.